ಸ್ಪ್ರಿಂಗ್‌ನ ಲೆಕ್ಕ ಕೊಟ್ಟ ರಾಬರ್ಟ್ ಹುಕ್

ಈಚೆಗೆ ನನ್ನ ಅಣ್ಣನ ಮಗ ತನ್ನ ಕಾರಿನ ನಾಲ್ಕೂ ಸ್ಪ್ರಿಂಗ್‌ಗಳನ್ನು ಬದಲಾಯಿಸಿದ. ತಯಾರಕರು ಕೊಟ್ಟಿದ್ದನ್ನು ತೆಗೆಸಿ, ಹೊರಗಿನ ಮಾರುಕಟ್ಟೆಯಲ್ಲಿ ದೊರೆಯುವ ಗಿಡ್ಡನೆಯ, ಗಡುಸಾದ ಸ್ಪ್ರಿಂಗ್‌ಗಳನ್ನು ಹಾಕಿಸಿದ್ದ. ಕಾರು ನೆಲಕ್ಕೆ ಹತ್ತಿರವಾಗಿ, ನೋಡಲು ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಅದರಲ್ಲಿ ಕುಳಿತು ರಸ್ತೆಯುಬ್ಬೊಂದನ್ನು ದಾಟಿದಾಗ ವಾಹನ ಒಮ್ಮೆ ನೆಗೆದು ಸುಮ್ಮನಾಗಲಿಲ್ಲ. ಮತ್ತೆ ಮತ್ತೆ ಕುಪ್ಪಳಿಸಿತು. ಶಾಕ್ ಅಬ್ಸಾರ್ಬರ್‌ಗಳ ಬಗ್ಗೆ ವಿಚಾರಿಸಿದೆ. ಖರ್ಚು ಉಳಿಸಲು ಹಳೆಯವನ್ನೇ ಇಟ್ಟುಕೊಂಡಿದ್ದ. ಆಗ ನನಗೆ ನೆನಪಾದವನು ಮುನ್ನೂರು ವರ್ಷಗಳ ಹಿಂದೆ ಲಂಡನ್ನಿನಲ್ಲಿ ತೀರಿಕೊಂಡ ರಾಬರ್ಟ್ ಹುಕ್. ಶಾಲೆಯ ವಿಜ್ಞಾನ ಪಾಠದಲ್ಲಿ ಒಂದು ಸಾಲಿನ ನಿಯಮವಾಗಿ ಬಂದು ಮರೆಯಾಗುವ ಈತನ ಬದುಕು, ಆ ನಿಯಮಕ್ಕಿಂತ ಬಹಳ ದೊಡ್ಡದು.

ಹುಕ್ ಹುಟ್ಟಿದ್ದು 1635ರ ಜುಲೈ 18ರಂದು, ಇಂಗ್ಲೆಂಡಿನ ದಕ್ಷಿಣಕ್ಕಿರುವ ಐಲ್ ಆಫ್ ವೈಟ್ ದ್ವೀಪದ ಫ್ರೆಶ್‌ವಾಟರ್ ಎಂಬ ಊರಿನಲ್ಲಿ. ತಂದೆ ಚರ್ಚಿನ ಪಾದ್ರಿ. ಹದಿಮೂರರ ಹರೆಯದಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ ಲಂಡನ್ನಿಗೆ ಬಂದು, ಚಿತ್ರಕಾರ ಪೀಟರ್ ಲೆಲಿಯ ಬಳಿ ಕೆಲಕಾಲವಿದ್ದು, ಅನಂತರ ವೆಸ್ಟ್‌ಮಿನ್‌ಸ್ಟರ್ ಶಾಲೆಗೆ ಸೇರಿದ. ಆಕ್ಸ್‌ಫರ್ಡಿನಲ್ಲಿ ರಾಬರ್ಟ್ ಬಾಯ್ಲ್‌ನ ಸಹಾಯಕನಾಗಿ, ಗಾಳಿಯ ಒತ್ತಡದ ಪ್ರಯೋಗಗಳಿಗೆ ಬೇಕಾದ ಪಂಪನ್ನು ಕಟ್ಟಿಕೊಟ್ಟ. 1662ರಲ್ಲಿ ರಾಯಲ್ ಸೊಸೈಟಿ ಅವನನ್ನು ಪ್ರಯೋಗಗಳ ಮೇಲ್ವಿಚಾರಕನನ್ನಾಗಿ ನೇಮಿಸಿತು. ಸಿರಿವಂತ ಸದಸ್ಯರಿಗೆ ವಿಜ್ಞಾನ ಹವ್ಯಾಸವಾಗಿತ್ತು; ಸಭೆ ಸೇರಿದಾಗಲೆಲ್ಲ ಹೊಸ ಪ್ರಯೋಗ ಮಾಡಿ ತೋರಿಸಬೇಕಾಗಿದ್ದ ಹುಕ್‌ಗೆ ಅದೇ ಜೀವನೋಪಾಯ.

1665ರಲ್ಲಿ ಪ್ರಕಟವಾದ ಅವನ 'ಮೈಕ್ರೊಗ್ರಾಫಿಯಾ' ಗ್ರಂಥ ಸೂಕ್ಷ್ಮದರ್ಶಕದ ಲೋಕವನ್ನು ಜನರ ಮುಂದಿಟ್ಟಿತು. ಇಂಗ್ಲಿಷಿನಲ್ಲಿ ಜೀವಕೋಶಕ್ಕೆ ಇಂದಿಗೂ ಇರುವ ಹೆಸರು ಅದರಿಂದಲೇ ಬಂದದ್ದು. ಅದೇ ವರ್ಷ ಲಂಡನ್ನಿಗೆ ಪ್ಲೇಗ್ ಬಡಿಯಿತು. ಜಾನ್ ವಿಲ್ಕಿನ್ಸ್, ವಿಲಿಯಂ ಪೆಟ್ಟಿ ಅವರೊಡನೆ ಹುಕ್ ನಗರ ಬಿಟ್ಟು ಎಪ್ಸಮ್ ಬಳಿಯ ಮನೆಯೊಂದರಲ್ಲಿ ತಂಗಿದ. ಅಲ್ಲಿ ಮೂವರೂ ಕೂಡಿ ಹೊಸ ಬಗೆಯ ಗಾಡಿಗಳನ್ನು ರೂಪಿಸುವ ಯತ್ನದಲ್ಲಿದ್ದರೆಂಬುದು ದಿನಚರಿಕಾರ ಜಾನ್ ಎವೆಲಿನ್‌ನ ಬರಹದಿಂದ ತಿಳಿಯುತ್ತದೆ. ಕುದುರೆಗಾಡಿಗೆ ಸ್ಪ್ರಿಂಗ್ ಅಳವಡಿಸಿ ಕುಲುಕಾಟ ತಗ್ಗಿಸುವ ಪ್ರಶ್ನೆ ಆ ದಿನಗಳಲ್ಲಿ ರಾಯಲ್ ಸೊಸೈಟಿಯ ಸದಸ್ಯರನ್ನು ಕಾಡುತ್ತಿತ್ತು. ಮರುವರ್ಷ ಬೆಂಕಿಗೆ ಆಹುತಿಯಾದ ಲಂಡನ್ನಿನ ನಿವೇಶನಗಳನ್ನು ಅಳೆದು ಗುರುತಿಸುವ ಹೊಣೆ ಹೊತ್ತ ಸರ್ವೇಯರ್‌ಗಳಲ್ಲಿ ಹುಕ್ ಪ್ರಮುಖನಾಗಿದ್ದ. ಆ ಅಗ್ನಿದುರಂತದ ನೆನಪಿಗೆ ನಿಂತಿರುವ 202 ಅಡಿ ಎತ್ತರದ ಸ್ತಂಭವನ್ನು ಕ್ರಿಸ್ಟೋಫರ್ ರೆನ್ ಜೊತೆಗೂಡಿ ರೂಪಿಸಿದವನೂ ಅವನೇ.

ಸ್ಪ್ರಿಂಗ್‌ನ ನಿಯಮವನ್ನು ಅವನು 1676ರಲ್ಲಿ ಪ್ರಕಟಿಸಿದ ರೀತಿಯೇ ವಿಚಿತ್ರ. ಲ್ಯಾಟಿನ್ ವಾಕ್ಯವೊಂದರ ಅಕ್ಷರಗಳನ್ನು ಕಲೆಸಿ, ಯಾರಿಗೂ ಅರ್ಥವಾಗದಂತೆ ಅಚ್ಚು ಹಾಕಿಸಿದ. ಎರಡು ವರ್ಷಗಳ ತರುವಾಯ, 1678ರಲ್ಲಿ, ಅದರ ಗುಟ್ಟು ಬಿಚ್ಚಿಟ್ಟ. 20ರಿಂದ 40 ಅಡಿ ಉದ್ದದ ತಂತಿಗಳಿಗೂ ಸುರುಳಿಗಳಿಗೂ ತೂಕ ನೇತುಹಾಕಿ, ಹಿಗ್ಗಿದ್ದನ್ನು ಅಳೆದು ಕಂಡುಕೊಂಡ ಸತ್ಯ ಸರಳವಾದುದು: ಭಾರ ಎರಡರಷ್ಟಾದರೆ ಹಿಗ್ಗುವಿಕೆಯೂ ಎರಡರಷ್ಟು, ಮೂರರಷ್ಟಾದರೆ ಮೂರರಷ್ಟು. ವಸ್ತು ತನ್ನ ಮಿತಿಯನ್ನು ದಾಟುವವರೆಗೆ ಈ ಲೆಕ್ಕ ತಪ್ಪುವುದಿಲ್ಲ.

ಇಂದಿನ ಕಾರಿನ ಅಡಿಯಲ್ಲಿ ದುಡಿಯುತ್ತಿರುವುದೂ ಇದೇ ಲೆಕ್ಕ. ಕಾರನ್ನು ತಗ್ಗಿಸುವ ಸ್ಪ್ರಿಂಗ್ ಗಿಡ್ಡವಾದ್ದರಿಂದ ಗಾಲಿಗೆ ಮೇಲೇರಲು ಉಳಿಯುವ ಜಾಗ ಕಡಿಮೆ. ಆ ಅಲ್ಪ ಅಂತರದಲ್ಲೇ ಹೊಡೆತವನ್ನು ತಡೆಯಬೇಕಾದರೆ ಸ್ಪ್ರಿಂಗ್ ಹೆಚ್ಚು ಗಡುಸಾಗಿರಲೇಬೇಕು. ಆದರೆ ಒತ್ತಿದ ಸ್ಪ್ರಿಂಗ್ ಪಡೆದ ಶಕ್ತಿಯನ್ನು ನುಂಗಿಕೊಳ್ಳುವುದಿಲ್ಲ, ಬಹುಪಾಲನ್ನು ಹಿಂದಿರುಗಿಸುತ್ತದೆ. ಹಳೆಯ ಗಾಡಿಗಳ ಪಟ್ಟಿ ಸ್ಪ್ರಿಂಗ್‌ನಲ್ಲಿ ಪಟ್ಟಿಗಳು ಪರಸ್ಪರ ಉಜ್ಜಿ ಒಂದಿಷ್ಟು ಶಕ್ತಿ ಕರಗುತ್ತಿತ್ತು. ಸುರುಳಿ ಸ್ಪ್ರಿಂಗ್‌ಗೆ ಆ ಅನುಕೂಲವಿಲ್ಲ. ಶಾಕ್ ಅಬ್ಸಾರ್ಬರ್ ತನ್ನೊಳಗಿನ ಎಣ್ಣೆಯನ್ನು ಕಿರಿದಾದ ರಂಧ್ರಗಳ ಮೂಲಕ ನುಗ್ಗಿಸಿ, ಆ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುತ್ತದೆ. ಮೆತ್ತನೆಯ ಸ್ಪ್ರಿಂಗ್‌ಗೆಂದು ಹೊಂದಿಸಿದ ಶಾಕ್ ಅಬ್ಸಾರ್ಬರ್ ಗಡುಸು ಸ್ಪ್ರಿಂಗ್‌ನ ಮರುನೆಗೆತವನ್ನು ಹತೋಟಿಯಲ್ಲಿಡಲಾರದು. ಟೈರು ರಸ್ತೆಯ ಮೇಲಿನ ಹಿಡಿತ ಸಡಿಲಿಸಿ ಕುಪ್ಪಳಿಸುತ್ತದೆ. ಬ್ರೇಕು ಒತ್ತಿದ ಕ್ಷಣದಲ್ಲಿ ಹೀಗಾದರೆ ಕಾರು ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ. ಮಾತು ಅಂದಚಂದದ್ದಲ್ಲ, ಒಳಗೆ ಕುಳಿತವರ ಜೀವದ್ದು.

ಹುಕ್‌ನ ಬಾಳಿನ ದೊಡ್ಡ ಜಗಳವೊಂದಕ್ಕೂ ಸ್ಪ್ರಿಂಗೇ ಕಾರಣ. ಕೈಗಡಿಯಾರದ ಚಲನೆಯನ್ನು ಸ್ಪ್ರಿಂಗ್‌ನಿಂದ ನಿಯಂತ್ರಿಸುವ ಉಪಾಯವನ್ನು ತಾನು ಬಹಳ ಹಿಂದೆಯೇ ಕಂಡುಕೊಂಡಿದ್ದಾಗಿ ಅವನ ವಾದ. 1675ರಲ್ಲಿ ಹಾಲೆಂಡಿನ ಕ್ರಿಸ್ಟಿಯಾನ್ ಹೈಗನ್ಸ್ ಅಂಥದೇ ಗಡಿಯಾರವನ್ನು ಪ್ರಕಟಿಸಿದಾಗ ಹುಕ್ ಕೆರಳಿದ. ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ಗುಟ್ಟು ರಟ್ಟು ಮಾಡಿದನೆಂದು ದೂರಿದ. ಬೆಳಕಿನ ಸ್ವರೂಪದ ಬಗ್ಗೆ, ಮುಂದೆ ಗುರುತ್ವದ ಬಗ್ಗೆ ನ್ಯೂಟನ್ನನೊಂದಿಗೂ ವೈಮನಸ್ಯ ಬೆಳೆಯಿತು. ಉಪನ್ಯಾಸಗಳಿಗೆ ವರ್ಷಕ್ಕೆ 50 ಪೌಂಡ್ ಕೊಡುವುದಾಗಿ ಮಾತಿತ್ತಿದ್ದ ಶ್ರೀಮಂತ ಜಾನ್ ಕಟ್ಲರ್ ಅದನ್ನು ಸರಿಯಾಗಿ ಕೊಡಲಿಲ್ಲ. ಹುಕ್ ನ್ಯಾಯಾಲಯದ ಮೆಟ್ಟಿಲೇರಿ 1696ರಲ್ಲಿ ಗೆದ್ದ. ಕೆಲವೆಡೆ ಅವನ ಅಹವಾಲು ನ್ಯಾಯವಾದದ್ದೇ. ಆದರೆ ಬಿದ್ದ ಹೊಡೆತವನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಹಾಗೆಯೇ ಹಿಂದಿರುಗಿಸುವ ಸ್ವಭಾವ ಅವನನ್ನು ಒಂಟಿಯಾಗಿಸಿತು.

1703ರ ಮಾರ್ಚ್ 3ರಂದು ಗ್ರೆಷಮ್ ಕಾಲೇಜಿನ ತನ್ನ ಕೋಣೆಯಲ್ಲಿ ಅವನು ಕೊನೆಯುಸಿರೆಳೆದ. ಬಡವನಂತೆ ಬದುಕಿದವನ ಪೆಟ್ಟಿಗೆಯಲ್ಲಿ ಸುಮಾರು 8 ಸಾವಿರ ಪೌಂಡ್ ಇತ್ತು. ಅದೇ ವರ್ಷದ ಕೊನೆಯಲ್ಲಿ ನ್ಯೂಟನ್ ರಾಯಲ್ ಸೊಸೈಟಿಯ ಅಧ್ಯಕ್ಷನಾದ. ಹುಕ್‌ನದೆಂದು ಖಚಿತವಾಗಿ ಹೇಳಬಹುದಾದ ಒಂದೇ ಒಂದು ಭಾವಚಿತ್ರವೂ ಉಳಿದುಬಂದಿಲ್ಲ. ಆದರೆ ಅವನ ಬರಹ ಉಳಿದಿತ್ತು. ಇಂಗ್ಲೆಂಡಿನ ಮನೆಯೊಂದರಲ್ಲಿ ಬಿದ್ದಿದ್ದ, ಅವನ ಕೈಬರಹದ ಐನೂರಕ್ಕೂ ಹೆಚ್ಚು ಪುಟಗಳನ್ನು 2006ರಲ್ಲಿ ರಾಯಲ್ ಸೊಸೈಟಿ ಸುಮಾರು 10 ಲಕ್ಷ ಪೌಂಡ್ ತೆತ್ತು ಪಡೆದುಕೊಂಡಿತು. ಮೂರು ಶತಮಾನ ತಡವಾದರೂ ಸೊಸೈಟಿ ತನ್ನ ಹಳೆಯ ನೌಕರನ ಬೆಲೆಯನ್ನು ಅರಿತಿತ್ತು.

ಇದೆಲ್ಲವನ್ನೂ ಹುಡುಗನಿಗೆ ಹೇಳಿದೆ. ತಾಳ್ಮೆಯಿಂದಲೇ ಕೇಳಿದ. ಹೊಸ ಸ್ಪ್ರಿಂಗ್‌ಗೆ ಹೊಂದುವ ಶಾಕ್ ಅಬ್ಸಾರ್ಬರ್‌ಗಳನ್ನು ಹಾಕಿಸುವುದು, ಇಲ್ಲವೇ ಹಳೆಯ ಸ್ಪ್ರಿಂಗ್‌ಗಳನ್ನೇ ಮರಳಿ ಕೂರಿಸುವುದು, ಎರಡೇ ದಾರಿ ಎಂದು ಒಪ್ಪಿಕೊಂಡ. ಸ್ಪ್ರಿಂಗ್ ಮುಟ್ಟುವ ಮುನ್ನ ಭಾರವಿಟ್ಟು ಅಳೆದು ನೋಡಿದವನೊಬ್ಬನಿದ್ದ ಎಂಬುದು ಅವನಿಗೆ ನೆನಪಿದ್ದರೆ ಸಾಕು.