ಲಸಿಕೆ ಕೊಟ್ಟವರೇ ಆರೋಪಿಯಾದಾಗ: ಹಾಫ್ಕಿನ್ ಎಂಬ ವಿಜ್ಞಾನಿಯ ಬದುಕು

ಪ್ಲೇಗಿನ ಕಥೆ ಅಂದ್ರೆ ಬರೀ ಸಾವಿನ ಲೆಕ್ಕವಲ್ಲ. ತಪ್ಪು ಯಾರದ್ದು ಅಂತ ತೀರ್ಮಾನಿಸುವ ಅಧಿಕಾರ ಯಾರ ಕೈಲಿತ್ತು ಅನ್ನೋದೂ ಅದರ ಭಾಗವೇ. ವಾಲ್ಡೆಮಾರ್ ಹಾಫ್ಕಿನ್ ಅವರ ಬದುಕು ಇದಕ್ಕೆ ಸಾಕ್ಷಿ.

1860ರಲ್ಲಿ ಒಡೆಸ್ಸಾದ ಯಹೂದಿ ಕುಟುಂಬದಲ್ಲಿ ಹುಟ್ಟಿದ ಹಾಫ್ಕಿನ್, ವಿದ್ಯಾರ್ಥಿಯಾಗಿದ್ದಾಗಲೇ ತ್ಸಾರ್ ಆಡಳಿತದ ವಿರುದ್ಧ ನಿಂತು ಜೈಲು ಕಂಡವರು. ಯಹೂದಿಗಳ ಮೇಲೆ ದಾಳಿಗಳಾದಾಗ ರಕ್ಷಣೆಗೆ ನಿಂತವರಲ್ಲಿ ಅವರೂ ಒಬ್ಬರು. ರಷ್ಯಾದಲ್ಲಿ ಮುಂದಿನ ದಾರಿ ಮುಚ್ಚಿತು. 1888ರಲ್ಲಿ ದೇಶ ಬಿಟ್ಟು, ಮರುವರ್ಷ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆ ಸೇರಿದರು. ಸಿಕ್ಕಿದ್ದು ಲೈಬ್ರರಿ ಕೆಲಸ. ಅಲ್ಲೇ ಕಾಲರಾ ಲಸಿಕೆ ರೂಪಿಸಿ, 1892ರಲ್ಲಿ ಮೊದಲು ತಮಗೇ ಚುಚ್ಚಿಕೊಂಡರು. 1893ರಲ್ಲಿ ಭಾರತಕ್ಕೆ ಬಂದರು.

1896ರಲ್ಲಿ ಬಾಂಬೆಗೆ ಪ್ಲೇಗ್ ಬಡಿಯಿತು. ಬ್ರಿಟಿಷ್ ಸರ್ಕಾರ ಮನೆಗಳಿಗೆ ನುಗ್ಗಿ ತಪಾಸಣೆ ಮಾಡಿತು, ರೋಗಿಗಳನ್ನು ಬಲವಂತವಾಗಿ ಎಳೆದೊಯ್ಯಿತು. ಅದಕ್ಕೆ ಬಲ ಕೊಟ್ಟಿದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಕೋವಿಡ್ ಬಂದಾಗ ನಮ್ಮ ಸರ್ಕಾರಗಳು ಕೈಗೆತ್ತಿಕೊಂಡದ್ದೂ ಅದನ್ನೇ! ಅತ್ತ ಹಾಫ್ಕಿನ್, ಗ್ರ್ಯಾಂಟ್ ಮೆಡಿಕಲ್ ಕಾಲೇಜಿನ ಪುಟ್ಟ ಜಾಗದಲ್ಲಿ ಕೆಲವೇ ಸಹಾಯಕರೊಂದಿಗೆ ಹಗಲು ರಾತ್ರಿ ದುಡಿದು, ಪ್ಲೇಗ್ ರೋಗಾಣುಗಳನ್ನು ಶಾಖದಿಂದ ಕೊಂದು ಲಸಿಕೆ ತಯಾರಿಸಿದರು. 1897ರ ಜನವರಿ 10ರಂದು ಇದನ್ನೂ ಮೊದಲು ತಮಗೇ ಚುಚ್ಚಿಕೊಂಡರು. ಮುಂದಿನ ವರ್ಷ ಹುಬ್ಬಳ್ಳಿ, ಧಾರವಾಡಕ್ಕೆ ಪ್ಲೇಗ್ ಬಂದಾಗ ಅಲ್ಲಿನ ಸಾವಿರಾರು ಜನ ಇದೇ ಲಸಿಕೆ ಹಾಕಿಸಿಕೊಂಡರು.

ಆಮೇಲೆ ಬಂತು 1902ರ ಅಕ್ಟೋಬರ್ 30. ಪಂಜಾಬಿನ ಮಲ್ಕೋವಾಲ್ ಗ್ರಾಮದಲ್ಲಿ 107 ಜನರಿಗೆ ಲಸಿಕೆ ಹಾಕಲಾಯ್ತು. ಒಂದೇ ಬಾಟಲಿಯಿಂದ ಚುಚ್ಚಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ಮಿಕ್ಕ ಬಾಟಲಿಗಳ ಲಸಿಕೆ ಪಡೆದವರಿಗೆ ಏನೂ ಆಗಲಿಲ್ಲ. ಆದರೂ ತನಿಖಾ ಆಯೋಗ ಬೆರಳು ತೋರಿಸಿದ್ದು ಹಾಫ್ಕಿನ್ ಅವರ ಲ್ಯಾಬ್ ಕಡೆಗೆ. ಲಸಿಕೆಗೆ ಕಾರ್ಬಾಲಿಕ್ ಆಮ್ಲ ಸೇರಿಸುವುದನ್ನು ಅವರು ಕೈಬಿಟ್ಟಿದ್ದೇ ಕಾರಣ ಅಂತ ಹೇಳಿ ಹುದ್ದೆಯಿಂದ ಇಳಿಸಿದರು.

ನಿಜ ಸಂಗತಿ ತನಿಖೆಯ ಸಾಕ್ಷ್ಯದಲ್ಲೇ ಇತ್ತು. ಬಾಟಲಿ ತೆರೆಯುವಾಗ ಸಹಾಯಕನೊಬ್ಬನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿ ಮಾಡದೆ ಮತ್ತೆ ಬಳಸಲಾಗಿತ್ತು. ರೊನಾಲ್ಡ್ ರಾಸ್ ಸೇರಿದಂತೆ ಹಲವು ವಿಜ್ಞಾನಿಗಳು ಲಂಡನ್‌ನಲ್ಲಿ ಬಹಿರಂಗವಾಗಿ ದನಿ ಎತ್ತಿದ ಮೇಲೆ, 1907ರಲ್ಲಿ ಹಾಫ್ಕಿನ್ ಆರೋಪಮುಕ್ತರಾದರು. ಮರಳಿ ಭಾರತಕ್ಕೆ ಬಂದರು ನಿಜ. ಆದರೆ ಮನುಷ್ಯರ ಮೇಲೆ ಹೊಸ ಲಸಿಕೆ ಪ್ರಯೋಗಿಸುವ ಅವಕಾಶ ಮತ್ತೆ ಸಿಗಲಿಲ್ಲ. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡರು. ಅವರು ಕಟ್ಟಿದ ಬಾಂಬೆಯ ಪ್ರಯೋಗಾಲಯಕ್ಕೆ 1925ರಲ್ಲೇ ಅವರ ಹೆಸರಿಟ್ಟಿದ್ದರು.

ಮಲ್ಕೋವಾಲ್‌ನ 19 ಜನರ ಸಾವಿಗೆ ಉತ್ತರ ಬೇಕೇ ಬೇಕಿತ್ತು. ಲಸಿಕೆಯ ಬಗ್ಗೆ ಪ್ರಶ್ನೆ ಕೇಳೋದು ತಪ್ಪಲ್ಲ, ಅದು ಜನರ ಹಕ್ಕು. ಆದರೆ ಕಣ್ಣೆದುರಿನ ಸಾಕ್ಷ್ಯ ಬಿಟ್ಟು ಸುಲಭಕ್ಕೆ ಸಿಕ್ಕ ಹೊರಗಿನವರ ತಲೆಗೆ ತಪ್ಪು ಕಟ್ಟಿದರೆ, ಸತ್ತವರಿಗೂ ನ್ಯಾಯ ಸಿಗಲ್ಲ, ಬದುಕಿರುವವರಿಗೂ ಲಸಿಕೆಯ ಮೇಲೆ ನಂಬಿಕೆ ಉಳಿಯಲ್ಲ.