ದೇಹದ ವಿವೇಕವನ್ನು ಕಂಡ ಡಾ. ಕ್ಯಾನನ್

ಮನಸ್ಸು ಕದಡಿದಾಗ ಅನ್ನ ಸೇರದು ಎಂಬುದನ್ನು ನಮ್ಮ ಮನೆಗಳ ಹಿರಿಯರು ಯಾವ ವೈದ್ಯಗ್ರಂಥವನ್ನೂ ಓದದೆಯೇ ಬಲ್ಲರು. ಊಟಕ್ಕೆ ಕುಳಿತವನ ಕಿವಿಗೆ ಕೆಟ್ಟ ಸುದ್ದಿಯನ್ನು ಹಾಕಬಾರದೆಂಬ ಕಟ್ಟಳೆಯು ಈ ಅನುಭವದಿಂದಲೇ ಹುಟ್ಟಿರಬೇಕು. ನಾವು ಪತ್ರಿಕೆಯ ಮೇಜಿಗೆ ಬರುವ ಮುನ್ನ ಅನೇಕ ವರ್ಷ ಹೋಟೆಲಿನ ಗಲ್ಲಾದಲ್ಲಿ ಕುಳಿತವರು. ಸಿಟ್ಟಿನಿಂದ ಬಂದ ಗಿರಾಕಿಯು ಅರ್ಧ ದೋಸೆಯನ್ನು ಬಿಟ್ಟು ಎದ್ದುಹೋಗುವುದನ್ನು ಎಷ್ಟೋ ಸಲ ಕಂಡಿದ್ದೇವೆ. ತಪ್ಪು ದೋಸೆಯದೆಂದು ಬಗೆದು ಭಟ್ಟರನ್ನು ಗದರಿದ್ದೂ ಉಂಟು. ತಪ್ಪು ದೋಸೆಯದಲ್ಲ, ಕದಡಿದ ಮನಸ್ಸಿನದೆಂಬುದನ್ನು ಕಣ್ಣಾರೆ ಕಂಡು ಲೋಕಕ್ಕೆ ತೋರಿಸಿಕೊಟ್ಟ ವೈದ್ಯರೊಬ್ಬರ ಜೀವನವನ್ನು ಇಂದು ವಾಚಕರ ಮುಂದಿಡುತ್ತೇವೆ. ಅವರೇ ಅಮೆರಿಕೆಯ ಡಾ. ವಾಲ್ಟರ್ ಬ್ರ್ಯಾಡ್‌ಫೋರ್ಡ್ ಕ್ಯಾನನ್.

ಕ್ಯಾನನ್ನರು 1871ನೆಯ ಅಕ್ಟೋಬರ್ 19ರಂದು ವಿಸ್ಕಾನ್ಸಿನ್ ಸಂಸ್ಥಾನದ ಪ್ರೇರಿ ಡು ಶೀನ್ ಎಂಬ ಪಟ್ಟಣದಲ್ಲಿ ಜನಿಸಿದರು. ತಂದೆ ರೈಲ್ವೆಯಲ್ಲಿ ನೌಕರಿಯಲ್ಲಿದ್ದವರು. ವಾಲ್ಟರನಿಗೆ ಹತ್ತು ವರ್ಷವಾಗುವಷ್ಟರಲ್ಲಿ ತಾಯಿ ತೀರಿಕೊಂಡರು. ಲೋಕಕ್ಕೆ ಒಳ್ಳೆಯವನಾಗಿ ಬಾಳಬೇಕೆಂದು ಆ ತಾಯಿಯು ಮರಣಶಯ್ಯೆಯಲ್ಲಿ ಮಗನಿಗೆ ಹೇಳಿದರಂತೆ. ಆ ಮಾತನ್ನು ಅವರು ಮುಪ್ಪಿನವರೆಗೂ ಮರೆಯಲಿಲ್ಲ. ಓದಿನಲ್ಲಿ ಹುಡುಗನಿಗೆ ಮನಸ್ಸಿಲ್ಲವೆಂದು ಕಂಡ ತಂದೆ, ಹದಿನಾಲ್ಕನೆಯ ವಯಸ್ಸಿನಲ್ಲಿ ಶಾಲೆ ಬಿಡಿಸಿ ರೈಲ್ವೆ ಕಚೇರಿಯ ಕೆಲಸಕ್ಕೆ ಹಚ್ಚಿದರು. ಎರಡು ವರ್ಷ ಅಲ್ಲಿ ದುಡಿದ ಮೇಲೆ ಹುಡುಗನಿಗೆ ವಿದ್ಯೆಯ ಬೆಲೆ ತಿಳಿಯಿತು. ಮರಳಿ ಶಾಲೆ ಸೇರಿ, 1892ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಪ್ರವೇಶಿಸಿ, 1900ರಲ್ಲಿ ಅಲ್ಲಿಯೇ ವೈದ್ಯ ಪದವಿಯನ್ನು ಪಡೆದರು.

ಅವರು ವೈದ್ಯ ವಿದ್ಯಾರ್ಥಿಯಾಗಿದ್ದ 1896ರಲ್ಲಿ ಕ್ಷ-ಕಿರಣವು ಲೋಕಕ್ಕೆ ಹೊಸತು. ರಾಂಟ್‌ಜೆನ್ ಅದನ್ನು ಕಂಡುಹಿಡಿದು ಒಂದು ವರ್ಷವೂ ತುಂಬಿರಲಿಲ್ಲ. ನುಂಗಿದ ಆಹಾರವು ಒಳಗೆ ಹೇಗೆ ಸಾಗುವುದೆಂಬುದನ್ನು ಆ ಕಿರಣಗಳಿಂದ ನೋಡಲು ಗುರುಗಳಾದ ಬೌಡಿಚ್ ಸೂಚಿಸಿದರು. ಕ್ಯಾನನ್ನರು ಆಹಾರದಲ್ಲಿ ಬಿಸ್ಮತ್ ಎಂಬ ಲೋಹದ ಲವಣವನ್ನು ಬೆರೆಸಿ ಬಾತಿಗೂ ಬೆಕ್ಕಿಗೂ ತಿನ್ನಿಸಿದರು. ಜಠರದ ಚಲನೆಯು ಪರದೆಯ ಮೇಲೆ ನೆರಳಾಗಿ ಕಾಣಿಸಿತು. ಆಗಲೇ ಒಂದು ವಿಚಿತ್ರವು ಗೋಚರಿಸಿತು. ಬೆಕ್ಕು ಕಳವಳಗೊಂಡು ಕೊಸರಾಡಿದೊಡನೆ ಜಠರದ ಅಲೆಗಳು ನಿಂತುಬಿಡುತ್ತಿದ್ದವು. ಮೈದಡವಿ ಸಮಾಧಾನಪಡಿಸಿದರೆ ಮತ್ತೆ ಆರಂಭವಾಗುತ್ತಿದ್ದವು. ಬೇರೆಯವರಾಗಿದ್ದರೆ ಪ್ರಯೋಗಕ್ಕೆ ಅಡ್ಡಿಯೆಂದು ಇದನ್ನು ಕಡೆಗಣಿಸುತ್ತಿದ್ದರೇನೋ. ಕ್ಯಾನನ್ನರು ಆ ಅಡ್ಡಿಯನ್ನೇ ತಮ್ಮ ಜೀವಮಾನದ ಪ್ರಶ್ನೆಯನ್ನಾಗಿ ಮಾಡಿಕೊಂಡರು.

1906ರಿಂದ 1942ರವರೆಗೆ ಅವರು ಹಾರ್ವರ್ಡ್ ವೈದ್ಯಶಾಲೆಯಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1911ರಲ್ಲಿ ಸಹೋದ್ಯೋಗಿ ಡಿ ಲಾ ಪಾಜ್ ಅವರೊಡನೆ ನಡೆಸಿದ ಪ್ರಯೋಗವು ಪ್ರಸಿದ್ಧವಾದುದು. ಶಾಂತವಾಗಿದ್ದ ಬೆಕ್ಕಿನ ರಕ್ತವನ್ನೂ, ಬೊಗಳುವ ನಾಯಿಯನ್ನು ಕಂಡು ಬೆದರಿದ ಅದೇ ಬೆಕ್ಕಿನ ರಕ್ತವನ್ನೂ ಹೋಲಿಸಿ ನೋಡಲಾಗಿ, ಎರಡನೆಯದರಲ್ಲಿ ಅಡ್ರಿನಲಿನ್ ಸ್ರಾವದ ಕುರುಹು ದೊರೆಯಿತು. ಭಯ ಅಥವಾ ಕ್ರೋಧವು ಉಂಟಾದೊಡನೆ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಈ ಸ್ರಾವವನ್ನು ರಕ್ತಕ್ಕೆ ಬಿಡುತ್ತವೆ. ಎದೆಯು ವೇಗವಾಗಿ ಬಡಿದುಕೊಳ್ಳುತ್ತದೆ. ಯಕೃತ್ತಿನ ಸಕ್ಕರೆಯು ರಕ್ತಕ್ಕಿಳಿಯುತ್ತದೆ. ಜಠರದ ಪಾಲಿನ ರಕ್ತವು ಕೈಕಾಲುಗಳ ಸ್ನಾಯುಗಳಿಗೆ ಹರಿಯುತ್ತದೆ. ಎದುರಿಗೆ ನಿಂತ ಶತ್ರುವಿನೊಡನೆ ಕಾದುವುದಕ್ಕೆ, ಇಲ್ಲವೆ ಓಡಿ ಪ್ರಾಣ ಉಳಿಸಿಕೊಳ್ಳುವುದಕ್ಕೆ ದೇಹವು ಮಾಡಿಕೊಳ್ಳುವ ಸಿದ್ಧತೆಯೇ ಇದು. ಅಂಥ ಗಳಿಗೆಯಲ್ಲಿ ಅನ್ನ ಜೀರ್ಣಿಸಲು ಬಿಡುವೆಲ್ಲಿ?

ಮನುಷ್ಯನ ಸ್ಥಿತಿಯೂ ಬೇರೆಯಲ್ಲ. 1913ರ ಕೊನೆಯ ಪಂದ್ಯವಾದೊಡನೆ ಹಾರ್ವರ್ಡ್ ಫುಟ್‌ಬಾಲ್ ತಂಡದ 25 ಮಂದಿಯ ಮೂತ್ರವನ್ನು ಪರೀಕ್ಷಿಸಿದಾಗ 12 ಮಂದಿಯಲ್ಲಿ ಸಕ್ಕರೆ ಕಂಡಿತು. ಅವರಲ್ಲಿ ಐವರು ಆಟಕ್ಕೆ ಇಳಿಯದೆ ಬದಿಯಲ್ಲಿ ಕುಳಿತಿದ್ದವರು! ಮೈ ದಣಿಯದಿದ್ದರೂ ಮನಸ್ಸಿನ ಆವೇಗವೊಂದೇ ಸಾಕಾಯಿತು. ಇವೆಲ್ಲವನ್ನೂ ಕ್ಯಾನನ್ನರು 1915ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು.

ಒಂದನೆಯ ಮಹಾಯುದ್ಧದಲ್ಲಿ ಅವರು ಫ್ರಾನ್ಸಿಗೆ ತೆರಳಿ, ಗಾಯಗೊಂಡ ಸೈನಿಕರ ರಕ್ತದೊತ್ತಡವು ಕುಸಿದು ಸಾಯುವ ಪರಿಯನ್ನು ಅಭ್ಯಸಿಸಿದರು. ಮುಂದೆ, ಹೊರಗೆ ಚಳಿಯಿರಲಿ ಬಿಸಿಲಿರಲಿ, ದೇಹವು ತನ್ನ ಬಿಸಿಯನ್ನೂ ರಕ್ತದ ಸಕ್ಕರೆಯನ್ನೂ ಲವಣವನ್ನೂ ಒಂದು ಮಿತಿಯೊಳಗೆ ಕಾಪಾಡಿಕೊಳ್ಳುವ ಶಕ್ತಿಗೆ ಹೋಮಿಯೊಸ್ಟಾಸಿಸ್ ಎಂದು ಹೆಸರಿಟ್ಟರು. ಇದನ್ನು ನಾವು ಸಮಸ್ಥಿತಿ ಎನ್ನಬಹುದು. 1932ರಲ್ಲಿ ಈ ವಿಷಯವನ್ನು ಸಾಮಾನ್ಯರಿಗೂ ತಿಳಿಯುವಂತೆ ಬರೆದ ಗ್ರಂಥಕ್ಕೆ ದೇಹದ ವಿವೇಕವೆಂಬ ಅರ್ಥದ ಹೆಸರನ್ನು ಕೊಟ್ಟರು. ಮಾಟಕ್ಕೆ ಗುರಿಯಾದೆನೆಂಬ ನಂಬಿಕೆಯಿಂದಲೇ ಕೆಲವರು ಸಾಯುವರೆಂಬ ವರದಿಗಳನ್ನು ಸಂಗ್ರಹಿಸಿ, ಬಿಡದ ಭಯವು ಪ್ರಾಣವನ್ನೇ ಕೊಳ್ಳಬಲ್ಲದೆಂದು 1942ರಲ್ಲಿ ವಾದಿಸಿದರು.

ಅಷ್ಟರಲ್ಲಿ ಅವರ ದೇಹವೇ ಸೋಲುತ್ತಿತ್ತು. ಆರಂಭದ ದಿನಗಳಲ್ಲಿ ಕ್ಷ-ಕಿರಣಗಳ ಅಪಾಯವನ್ನು ಯಾರೂ ಪೂರ್ಣವಾಗಿ ಅರಿತಿರಲಿಲ್ಲ. ಕ್ಯಾನನ್ನರು ತಕ್ಕ ರಕ್ಷಣೆಯಿಲ್ಲದೆ ಆ ಕಿರಣಗಳೆದುರು ಬಹುಕಾಲ ನಿಂತಿದ್ದರು. ಅದರ ಫಲವೆಂದು ಬಗೆಯಲಾದ ಚರ್ಮದ ಯಾತನೆಯೂ ಅರ್ಬುದವೂ ಕೊನೆಯ ವರ್ಷಗಳಲ್ಲಿ ಅವರನ್ನು ಪೀಡಿಸಿದವು. ಆದರೂ ಪ್ರಯೋಗಶಾಲೆಯನ್ನಾಗಲಿ ಬರವಣಿಗೆಯನ್ನಾಗಲಿ ಅವರು ಕೈಬಿಡಲಿಲ್ಲ. ಆತ್ಮಕಥೆಯು ಪ್ರಕಟವಾದ 1945ರಲ್ಲಿಯೇ, ಅಕ್ಟೋಬರ್ 1ರಂದು ದೇಹ ತ್ಯಜಿಸಿದರು.

ಅವರು ತೆರೆದ ದಾರಿಯಲ್ಲಿ ಇತರರು ನಡೆದರು. ಭಯಕ್ಕೆ ದೇಹವು ಕೆರಳುವುದಾದರೆ, ಶಾಂತಿಗೆ ದೇಹವು ತಣಿಯಬೇಡವೆ? ಅದೇ ಹಾರ್ವರ್ಡಿನ ಡಾ. ಹರ್ಬರ್ಟ್ ಬೆನ್ಸನ್ನರು ಮಹರ್ಷಿ ಮಹೇಶ ಯೋಗಿಗಳ ಪದ್ಧತಿಯಂತೆ ಧ್ಯಾನ ಮಾಡುವವರನ್ನು ಪರೀಕ್ಷಿಸಿದರು. ಧ್ಯಾನಕಾಲದಲ್ಲಿ ಅವರ ದೇಹವು ಬಳಸುವ ಆಮ್ಲಜನಕವು ಇಳಿಯುವುದೆಂದು ಕಂಡು, 1975ರಲ್ಲಿ ಗ್ರಂಥವೊಂದನ್ನು ಬರೆದರು. ಬೆಕ್ಕಿನ ಮೈದಡವಿದಾಗ ಮರಳಿ ಎದ್ದ ಅಲೆಗಳ ಅರ್ಥವು ಹೀಗೆ ವಿಸ್ತಾರಗೊಂಡಿತು.

ಪರಸ್ಥಳದಲ್ಲಿ ಬಾಳುವ ನಮಗೆ ಈ ಜೀವನದಿಂದ ಕಲಿಯುವುದಿದೆ. ನಾಯಿಯಿಂದ ಬೆದರಿದ ಬೆಕ್ಕು ಓಡಿಹೋಗಿ ಪಾರಾಗುತ್ತದೆ. ಮನೆಬಾಡಿಗೆಯ ಚಿಂತೆ, ನೌಕರಿಯ ಅಳುಕು, ಊರಿನಿಂದ ಬರುವ ಸುದ್ದಿಯ ಕಳವಳ, ಇವುಗಳೊಡನೆ ಕಾದುವಂತೆಯೂ ಇಲ್ಲ, ಇವುಗಳಿಂದ ಓಡುವಂತೆಯೂ ಇಲ್ಲ. ಕೆರಳಿದ ದೇಹವು ಕೆರಳಿಯೇ ಉಳಿಯುತ್ತದೆ. ವೈದ್ಯರ ಔಷಧಿಯನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ದಿನಕ್ಕೊಮ್ಮೆ ಸುಮ್ಮನೆ ಕುಳಿತು ಉಸಿರನ್ನು ಗಮನಿಸುವುದೂ, ಸಿಟ್ಟನ್ನು ಹೊರಗಿಟ್ಟು ಊಟಕ್ಕೆ ಕೂರುವುದೂ ದೇಹದ ವಿವೇಕಕ್ಕೆ ನಾವು ಕೊಡುವ ನೆರವೆಂದಷ್ಟೇ ನಮ್ಮ ಅರಿಕೆ.