ಓಟಗಾರ ಎಮಿಲ್ ಜಾಟೊಪೆಕ್

ಹುಟ್ಟಿನಿಂದಲೇ ಓಟದಲ್ಲಿ ಆಸಕ್ತಿಯುಳ್ಳವರು ಕೆಲವರು. ಒಲ್ಲದ ಮನಸ್ಸಿನಿಂದ ಓಡತೊಡಗಿ, ಗೆಳೆಯರ ಒತ್ತಾಸೆಯಿಂದ ಅದನ್ನೇ ಬಾಳಿನ ಆನಂದವನ್ನಾಗಿ ಮಾಡಿಕೊಂಡವರು ಇನ್ನು ಕೆಲವರು. ಈ ಎರಡನೆಯ ಗುಂಪಿನವರಲ್ಲಿ ಎಮಿಲ್ ಜಾಟೊಪೆಕ್ ಅಗ್ರಗಣ್ಯನು.

ಎಮಿಲ್ ಹುಟ್ಟಿದ್ದು 1922ರ ಸೆಪ್ಟೆಂಬರ್ 19ರಂದು, ಅಂದಿನ ಚೆಕೊಸ್ಲೊವಾಕಿಯದ ಕೊಪ್ರಿವ್ನಿತ್ಸೆ ಎಂಬ ಊರಿನಲ್ಲಿ. ತಂದೆ ಬಡಗಿ. ಮನೆತುಂಬ ಮಕ್ಕಳು, ಆದಾಯ ಅಲ್ಪ. ಹದಿನಾರನೆಯ ವಯಸ್ಸಿನಲ್ಲಿಯೇ ಎಮಿಲ್ ಕೆಲಸಕ್ಕಾಗಿ ಜ್ಲೀನ್ ನಗರದ ಬಾಟಾ ಪಾದರಕ್ಷೆ ಕಾರ್ಖಾನೆಯನ್ನು ಸೇರಿದನು. ನಮ್ಮ ದೇಶದ ಪೇಟೆಬೀದಿಗಳಲ್ಲಿಯೂ ಮನೆಮಾತಾಗಿರುವ ಬಾಟಾ ಸಂಸ್ಥೆ ಹುಟ್ಟಿ ಬೆಳೆದುದು ಆ ನಗರದಲ್ಲಿಯೇ. ಹಗಲು ಕಾರ್ಖಾನೆಯಲ್ಲಿ ದುಡಿಮೆ, ಸಂಜೆ ಪಾಠ. ಇದು ಅಲ್ಲಿನ ಹುಡುಗರ ದಿನಚರಿಯಾಗಿತ್ತು.

1941ರಲ್ಲಿ ಕಾರ್ಖಾನೆಯ ಆಶ್ರಯದಲ್ಲಿ ಒಂದು ಓಟದ ಪಂದ್ಯ ಏರ್ಪಟ್ಟಿತು. ಅದರಲ್ಲಿ ಓಡಬೇಕೆಂದು ಕ್ರೀಡಾ ಶಿಕ್ಷಕರು ಎಮಿಲನೂ ಸೇರಿದಂತೆ ನಾಲ್ವರು ಹುಡುಗರಿಗೆ ಆಜ್ಞೆ ಮಾಡಿದರು. ತಾನು ದುರ್ಬಲನೆಂದೂ ಓಡಲು ತನ್ನಿಂದಾಗದೆಂದೂ ಎಮಿಲ್ ಬೇಡಿಕೊಂಡನು. ಶಿಕ್ಷಕರು ಅವನನ್ನು ವೈದ್ಯರ ಬಳಿಗೆ ಕಳುಹಿಸಿದರು. ಪರೀಕ್ಷಿಸಿ ನೋಡಿದ ವೈದ್ಯರು ಅವನಲ್ಲಿ ಯಾವ ದೋಷವೂ ಇಲ್ಲವೆಂದರು. ನೆಪಗಳೆಲ್ಲ ಮುಗಿದವು. ಆದರೆ ಓಡತೊಡಗಿದ ಮೇಲೆ ಗೆಲ್ಲಬೇಕೆಂಬ ಹಂಬಲ ಅವನಲ್ಲಿ ಮೂಡಿತು. ಸುಮಾರು ನೂರು ಮಂದಿಯಲ್ಲಿ ಅವನು ಎರಡನೆಯವನಾಗಿ ಗುರಿ ಮುಟ್ಟಿದನು.

ಆ ಬಳಿಕ ಅವನು ಊರಿನ ಕ್ರೀಡಾಸಂಘವನ್ನು ಸೇರಿದನು. ತಾನೂ ಒಳ್ಳೆಯ ಓಟಗಾರನಾಗಿದ್ದ ಯಾನ್ ಹಾಲುಜಾ ಅವನಿಗೆ ಅಭ್ಯಾಸದ ಕ್ರಮವನ್ನು ತಿಳಿಸಿಕೊಟ್ಟನು. ಬೇಡವೆಂದಿದ್ದ ಓಟ ದಿನಕಳೆದಂತೆ ಬೇಕೆನಿಸಿತು. ಸ್ವಲ್ಪ ದೂರ ವೇಗವಾಗಿ ಓಡುವುದು, ಸ್ವಲ್ಪ ದೂರ ನಿಧಾನವಾಗಿ ಓಡಿ ಸುಧಾರಿಸಿಕೊಳ್ಳುವುದು, ಮತ್ತೆ ವೇಗವಾಗಿ ಓಡುವುದು. ಹೀಗೆ ಹತ್ತಾರು ಸಲ ಮಾಡುತ್ತಿದ್ದನು. ಸೈನ್ಯ ಸೇರಿದ ಮೇಲೆ ಭಾರವಾದ ಬೂಟುಗಳನ್ನು ತೊಟ್ಟೂ ಓಡಿದನು. ಓಡುವಾಗ ಅವನ ತಲೆ ತೂಗಾಡುತ್ತಿತ್ತು. ಮುಖ ನೋವಿನಿಂದೆಂಬಂತೆ ಕಿವುಚಿಕೊಳ್ಳುತ್ತಿತ್ತು. ಆದರೂ ಕಾಲುಗಳು ಮಾತ್ರ ಸೋಲುತ್ತಿರಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅವನು 10,000 ಮೀಟರ್ ಓಟದಲ್ಲಿ ಚಿನ್ನವನ್ನೂ 5,000 ಮೀಟರ್ ಓಟದಲ್ಲಿ ಬೆಳ್ಳಿಯನ್ನೂ ಗಳಿಸಿದನು. ತಾನು ಹುಟ್ಟಿದ ದಿನದಂದೇ ಹುಟ್ಟಿದ್ದ ಭರ್ಜಿ ಎಸೆತಗಾರ್ತಿ ಡಾನಾಳನ್ನು ಅದೇ ವರ್ಷ ಮದುವೆಯಾದನು.

ಗೆಳೆತನದ ಋಣವನ್ನು ತೀರಿಸುವ ಸಂದರ್ಭ 1952ರಲ್ಲಿ ಒದಗಿತು. ಹೆಲ್ಸಿಂಕಿಯ ಒಲಿಂಪಿಕ್ಸ್‌ಗೆ ತಂಡ ಹೊರಟು ನಿಂತಿತ್ತು. ಓಟಗಾರ ಸ್ಟಾನಿಸ್ಲಾವ್ ಯುಂಗ್‌ವಿರ್ಟನಿಗೆ ಮಾತ್ರ ಸರಕಾರ ಅನುಮತಿ ನಿರಾಕರಿಸಿತು. ಅವನ ತಂದೆ ರಾಜಕೀಯ ಕಾರಣಗಳಿಂದ ಸೆರೆಮನೆಯಲ್ಲಿದ್ದುದೇ ಇದಕ್ಕೆ ಕಾರಣ. ಗೆಳೆಯನಿಲ್ಲದೆ ತಾನೂ ಹೋಗುವುದಿಲ್ಲವೆಂದು ಜಾಟೊಪೆಕ್ ಹಟ ಹಿಡಿದನು. ಸೈನ್ಯಾಧಿಕಾರಿಯಾಗಿದ್ದ ಅವನಿಗೆ ಇದು ಅಪಾಯದ ಹೆಜ್ಜೆ. ಪದವಿಯೂ ಹೋಗಬಹುದಿತ್ತು, ಸೆರೆವಾಸವೂ ಬರಬಹುದಿತ್ತು. ತಂಡದ ವಿಮಾನ ಅವನನ್ನು ಬಿಟ್ಟೇ ಹಾರಿತು. ಕೊನೆಗೆ ಸರಕಾರ ಮಣಿಯಿತು. ಗೆಳೆಯರಿಬ್ಬರೂ ಹೆಲ್ಸಿಂಕಿಯನ್ನು ತಲುಪಿದರು. ಅದೇ ಯುಂಗ್‌ವಿರ್ಟನು 1957ರಲ್ಲಿ 1,500 ಮೀಟರ್ ಓಟದಲ್ಲಿ ವಿಶ್ವದಾಖಲೆಯನ್ನು ಸ್ಥಾಪಿಸಿದನು.

ಹೆಲ್ಸಿಂಕಿಯಲ್ಲಿ ಜಾಟೊಪೆಕ್ 10,000 ಮತ್ತು 5,000 ಮೀಟರ್ ಓಟಗಳೆರಡನ್ನೂ ಗೆದ್ದನು. 5,000 ಮೀಟರ್ ಗೆದ್ದ ದಿನವೇ ಡಾನಾಳೂ ಭರ್ಜಿ ಎಸೆತದಲ್ಲಿ ಚಿನ್ನ ಗಳಿಸಿದಳು. ಬಳಿಕ ಅವನು ಅದುವರೆಗೆ ಒಮ್ಮೆಯೂ ಓಡದಿದ್ದ ಮ್ಯಾರಥಾನ್ ಓಟಕ್ಕೆ ನಿಂತನು. ನುರಿತ ಓಟಗಾರನಾದ ಇಂಗ್ಲೆಂಡಿನ ಜಿಮ್ ಪೀಟರ್ಸ್‌ನ ಜೊತೆಯಲ್ಲಿ ಓಡುತ್ತ, ಈ ವೇಗ ಸರಿಯೇ ಎಂದು ಅವನನ್ನೇ ವಿಚಾರಿಸಿದನಂತೆ. ಕೊನೆಗೆ ಎಲ್ಲರನ್ನೂ ಹಿಂದಿಕ್ಕಿ 2 ಗಂಟೆ 23 ನಿಮಿಷಗಳಲ್ಲಿ ಗುರಿ ಸೇರಿದನು. ಒಂದೇ ಒಲಿಂಪಿಕ್ಸ್‌ನಲ್ಲಿ ಈ ಮೂರು ಓಟಗಳನ್ನೂ ಗೆದ್ದವನು ಅವನೊಬ್ಬನೇ.

ಎದುರಾಳಿಗಳೂ ಅವನಿಗೆ ಮಿತ್ರರೇ ಆಗಿದ್ದರು. ಫ್ರಾನ್ಸಿನ ಅಲೇನ್ ಮಿಮೂನ್ ಒಲಿಂಪಿಕ್ಸ್‌ನಲ್ಲಿ ಮೂರು ಸಲ ಅವನ ಹಿಂದೆ ಎರಡನೆಯವನಾಗಿದ್ದನು. 1956ರ ಮೆಲ್ಬೋರ್ನ್ ಮ್ಯಾರಥಾನಿನಲ್ಲಿ ಮಿಮೂನ್ ಗೆದ್ದನು. ಕೆಲವೇ ವಾರಗಳ ಹಿಂದೆ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ಜಾಟೊಪೆಕ್ ಆರನೆಯವನಾದನು. ದಣಿದು ಬಂದ ಅವನು ಟೋಪಿ ತೆಗೆದು ಮಿಮೂನನಿಗೆ ವಂದಿಸಿ ಅವನನ್ನು ಅಪ್ಪಿಕೊಂಡನು. ಅನೇಕ ವಿಶ್ವದಾಖಲೆಗಳನ್ನು ಮಾಡಿಯೂ ಒಲಿಂಪಿಕ್ ಚಿನ್ನವನ್ನು ಕಾಣದ ಆಸ್ಟ್ರೇಲಿಯದ ರಾನ್ ಕ್ಲಾರ್ಕ್ 1966ರಲ್ಲಿ ಪ್ರಾಗ್ ನಗರಕ್ಕೆ ಬಂದಿದ್ದನು. ಬೀಳ್ಕೊಡುವಾಗ ಜಾಟೊಪೆಕ್ ಅವನ ಕೈಗೆ ಒಂದು ಚಿಕ್ಕ ಪೊಟ್ಟಣವನ್ನಿತ್ತನು. ಆಮೇಲೆ ಕ್ಲಾರ್ಕ್ ಅದನ್ನು ಬಿಚ್ಚಿ ನೋಡಿದಾಗ, ಹೆಲ್ಸಿಂಕಿಯಲ್ಲಿ ಗೆದ್ದ ಚಿನ್ನದ ಪದಕವೊಂದು ಅದರಲ್ಲಿತ್ತು!

1968ರಲ್ಲಿ ಸ್ವಾತಂತ್ರ್ಯದ ಪರವಾಗಿ ನಿಂತುದಕ್ಕಾಗಿ ಜಾಟೊಪೆಕ್ ಸೈನ್ಯದ ಪದವಿಯನ್ನು ಕಳೆದುಕೊಂಡು, ವರ್ಷಗಟ್ಟಲೆ ಕಷ್ಟದ ಕೂಲಿಕೆಲಸ ಮಾಡಬೇಕಾಯಿತು. 2000ದ ನವೆಂಬರ್‌ನಲ್ಲಿ ಅವನು ಪ್ರಾಗ್‌ನಲ್ಲಿ ಕಣ್ಮುಚ್ಚಿದನು.

ಓಟದ ದಾರಿಯಲ್ಲಿ ಪ್ರತಿಯೊಬ್ಬನೂ ತನ್ನ ಕಾಲಿನಿಂದಲೇ ಓಡಬೇಕು, ನಿಜ. ಆದರೆ ಮೊದಲ ಹೆಜ್ಜೆಗೆ ಒತ್ತಾಸೆಯಾದವರನ್ನು ಮರೆಯದೆ, ತಾನು ಪಡೆದ ನೆರವನ್ನು ಮುಂದಿನವರಿಗೆ ದಾಟಿಸುವುದು ಅದಕ್ಕಿಂತ ಕಠಿನವಾದ ಓಟ. ಜಾಟೊಪೆಕ್ ಅದರಲ್ಲಿಯೂ ಗೆದ್ದನು.